ಸ್ಕೂಲ್ ನೋಡಿ ಏರಿಯಾ ಆರಿಸಿದ್ದು: ಸಿಯಾಟಲ್‌ನಲ್ಲಿ ಮನೆ ತಗೊಂಡ ನನ್ನ ಅನುಭವ

ಸಿಯಾಟಲ್ ಸಿಟಿ ಒಳಗೇ ಮನೆ ತಗೋತೀವಿ ಅಂದಾಗ ಇಲ್ಲಿರೋ ಕನ್ನಡದ ಫ್ರೆಂಡ್ಸ್ ಎಲ್ಲಾ ಹೆಚ್ಚುಕಮ್ಮಿ ಒಂದೇ ಮಾತು ಹೇಳಿದ್ರು, ಮಗಳು ಸ್ಕೂಲಿಗೆ ಹೋಗೋ ವಯಸ್ಸಿಗೆ ಬಂದಿದಾಳೆ, ಲೇಕ್ ವಾಷಿಂಗ್ಟನ್ ಆಚೆ ಇರೋ ಬೆಲ್‌ವ್ಯೂನೋ ಸಮಾಮಿಶ್ಶೋ ನೋಡ್ರಿ, ಅಲ್ಲಿ ಸ್ಕೂಲುಗಳಿಗೆ ಒಂಬತ್ತು ಹತ್ತು ರೇಟಿಂಗ್ ಇರುತ್ತೆ ಅಂತ. ನಮ್ಮ ಒಳ್ಳೇದಕ್ಕೇ ಹೇಳಿದ್ದು ಅವರು. ಆದ್ರೆ ನನ್ನ ಕೆಲಸ, ಗಂಡನ ಕೆಲಸ ಎರಡೂ ಸಿಟಿ ಒಳಗೆ, ದಿನಾ ಲೇಕ್ ವಾಷಿಂಗ್ಟನ್ ದಾಟಿ ಓಡಾಡಿದ್ರೆ ಮಗು ಜೊತೆ ಕೂತು ಒಂದು ಪುಸ್ತಕ ಓದೋಕೂ ಸಂಜೆ ಉಳಿಯಲ್ಲ. ಹಾಗಾಗಿ ಸಿಟಿಲೇ ಒಳ್ಳೆ ಎಲಿಮೆಂಟರಿ ಸ್ಕೂಲ್ ಹುಡುಕೋಣ, ಅದರ ಗಡಿ ಒಳಗೆ ಮನೆ ನೋಡೋಣ ಅಂತ 2024ರ ಬೇಸಿಗೆಲಿ ಶುರು ಮಾಡಿದ್ವಿ.

ಹೊಸದಾಗಿ ಬಂದವರಿಗೆ ಇಲ್ಲಿನ ಪದ್ಧತಿ ಸ್ವಲ್ಪ ಹೇಳ್ಬೇಕು. ಬೆಂಗಳೂರಲ್ಲಿ ಜಯನಗರದಲ್ಲಿದ್ಕೊಂಡು ಕನಕಪುರ ರೋಡಿನ ಸ್ಕೂಲಿಗೆ ಬಸ್ಸಲ್ಲಿ ಕಳಿಸ್ತಾರೆ, ಫೀಸು ಕಟ್ಟಿ ಸೀಟು ಸಿಕ್ಕಿದ್ರೆ ಆಯ್ತು. ಇಲ್ಲಿ ಸರ್ಕಾರಿ ಶಾಲೆಗೆ ನಿಮ್ಮ ಮನೆ ವಿಳಾಸವೇ ಸೀಟು. ಪ್ರತಿ ಎಲಿಮೆಂಟರಿ ಸ್ಕೂಲಿಗೂ ಮ್ಯಾಪಲ್ಲಿ ಒಂದು ಗೆರೆ ಎಳೆದಿರ್ತಾರೆ, ಗೆರೆ ಒಳಗಿದ್ರೆ ಕಿಂಡರ್‌ಗಾರ್ಟನ್‌ನಿಂದ ಐದನೇ ಕ್ಲಾಸ್ ತನಕ ನಿಮ್ಮ ಮಗುಗೆ ಅಲ್ಲಿ ಜಾಗ ಇರುತ್ತೆ. ಗೆರೆ ಇಲ್ಲದ ಆಪ್ಷನ್ ಸ್ಕೂಲುಗಳೂ ಇವೆ, ಆದ್ರೆ ಅಲ್ಲಿ ಅರ್ಜಿ ಹಾಕ್ಬೇಕು, ಸೀಟಿಗಿಂತ ಅರ್ಜಿ ಜಾಸ್ತಿ ಆದ್ರೆ ಲಾಟರಿ. ಮೊದಲು ಸಿಯಾಟಲ್‌ನಲ್ಲಿ ತಂದೆತಾಯಿ ಬೇರೆ ಏರಿಯಾದ ಸ್ಕೂಲುಗಳನ್ನೂ ಆರಿಸ್ಕೊಳ್ಳೋ ಪದ್ಧತಿನೇ ಮುಖ್ಯವಾಗಿತ್ತು, ಹೈಸ್ಕೂಲಲ್ಲಿ ಸೀಟು ಸಾಲದೇ ಹೋದಾಗ ಯಾರಿಗೆ ಕೊಡೋದು ಅನ್ನೋಕೆ ಮಕ್ಕಳ ಜನಾಂಗಾನೂ ನೋಡ್ತಿದ್ರು, ಅದು ಸುಪ್ರೀಂ ಕೋರ್ಟಿಗೆ ಹೋಗಿ 2007ರಲ್ಲಿ 5-4ರ ತೀರ್ಪಲ್ಲಿ ಹಂಗೆ ನೋಡೋ ಹಾಗಿಲ್ಲ ಅಂತ ಆಯ್ತು. ಆಮೇಲೆ ಬಂದಿದ್ದು ಈ ಗೆರೆಗಳ ಪದ್ಧತಿ. ಅಂದ್ರೆ ಮನೆ ಬೆಲೆಗೂ ಸ್ಕೂಲಿಗೂ ಇರೋ ಗಂಟು ಇನ್ನೂ ಬಿಗಿ ಆಯ್ತು.

ಈಗ ರೇಟಿಂಗ್ ವಿಷ್ಯ. ಮನೆ ಹುಡುಕೋ ಸೈಟುಗಳಾದ ಝಿಲ್ಲೋ, ರೆಡ್‌ಫಿನ್ ಯಾವುದು ತೆಗೆದ್ರೂ ಮನೆ ಫೋಟೋ ಕೆಳಗೆ ಗ್ರೇಟ್‌ಸ್ಕೂಲ್ಸ್ ಅಂತ ಒಂದರಿಂದ ಹತ್ತರ ತನಕ ಒಂದು ನಂಬರ್ ಇರುತ್ತೆ, ಜನ ಅದನ್ನ ಫಿಲ್ಟರ್ ಹಾಕಿ ಏಳಕ್ಕಿಂತ ಕೆಳಗಿನದ್ದನ್ನ ನೋಡೋದೇ ಇಲ್ಲ. ನಾನು ಆ ನಂಬರ್ ಎಲ್ಲಿಂದ ಬರುತ್ತೆ ಅಂತ ಕೂತು ಓದಿದೆ. ಅದರ ಬೇರು ಇರೋದು ರಾಜ್ಯ ಮಟ್ಟದ ಟೆಸ್ಟಲ್ಲಿ, ಆ ಟೆಸ್ಟ್ ಮಕ್ಕಳು ಮೊದಲ ಸಲ ಬರೆಯೋದು ಮೂರನೇ ಕ್ಲಾಸಲ್ಲಿ. ಅಂದ್ರೆ ಕಿಂಡರ್‌ಗಾರ್ಟನ್, ಒಂದು, ಎರಡು, ಮಗು ಓದೋಕೆ ಕಲಿಯೋ ಅತಿ ಮುಖ್ಯ ವರ್ಷಗಳಿಗೆ ಅಲ್ಲಿ ನೇರವಾಗಿ ಅಂಕಾನೇ ಇಲ್ಲ. ಜೊತೆಗೆ ಮೂರನೇ ಕ್ಲಾಸ್ ಮಗು ತಗೊಳ್ಳೋ ಅಂಕದಲ್ಲಿ ಮನೇಲಿ ಎಷ್ಟು ಪುಸ್ತಕ ಇತ್ತು, ಪ್ರೀಸ್ಕೂಲಿಗೆ ದುಡ್ಡಿತ್ತಾ, ಮನೆ ಭಾಷೆ ಇಂಗ್ಲಿಷಾ, ಇದೆಲ್ಲ ಸೇರಿರುತ್ತೆ. ಗ್ರೇಟ್‌ಸ್ಕೂಲ್ಸ್‌ನವರೂ 2017ರಿಂದ ಬರೀ ಟೆಸ್ಟ್ ಅಂಕ ಸಾಲಲ್ಲ ಅಂತ ಮಕ್ಕಳ ಪ್ರಗತಿ ಥರದ ಬೇರೆ ಲೆಕ್ಕಾನೂ ಸೇರಿಸ್ತಾ ಬಂದಿದಾರೆ, ಆದ್ರೂ ಆ ಒಂದೇ ನಂಬರ್ ನೋಡಿ ಏನಕ್ಕೆ ಎಷ್ಟು ಅಂತ ಬಿಡಿಸೋಕಾಗಲ್ಲ.

ನಾನು ನೋಡಿದ್ದು ವಾಷಿಂಗ್ಟನ್ ರಾಜ್ಯದ ಶಿಕ್ಷಣ ಇಲಾಖೆ ರಿಪೋರ್ಟ್ ಕಾರ್ಡ್. ಅದು ಎಲ್ಲರಿಗೂ ಓಪನ್ ಇದೆ, ಸ್ಕೂಲ್ ಹೆಸರು ಹಾಕಿದ್ರೆ ಬರುತ್ತೆ. ಅದರಲ್ಲಿ ಗ್ರೋತ್ ಪರ್ಸೆಂಟೈಲ್ ಅಂತ ಒಂದಿದೆ, ಹೋದ ವರ್ಷಗಳಲ್ಲಿ ಇದೇ ಥರ ಅಂಕ ತಗೊಂಡಿದ್ದ ರಾಜ್ಯದ ಬೇರೆ ಮಕ್ಕಳ ಜೊತೆ ಹೋಲಿಸಿದ್ರೆ ಈ ಮಗು ಈ ವರ್ಷ ಎಷ್ಟು ಮುಂದೆ ಬಂತು ಅನ್ನೋ ಲೆಕ್ಕ. ಸ್ಕೂಲಿನ ಮೀಡಿಯನ್, ಅಂದ್ರೆ ಎಲ್ಲಾ ಮಕ್ಕಳ ಸಂಖ್ಯೆ ಸಾಲಾಗಿಟ್ರೆ ಸರಿಯಾಗಿ ಮಧ್ಯಕ್ಕೆ ಬರೋದು, 50ರ ಸುತ್ತ ಇದ್ರೆ ಸಾಮಾನ್ಯ, ಅದಕ್ಕಿಂತ ಚೆನ್ನಾಗಿ ಮೇಲಿದ್ರೆ ಟೀಚರ್‌ಗಳು ಏನೋ ಒಳ್ಳೇದು ಮಾಡ್ತಿದಾರೆ ಅಂತ ಅರ್ಥ. ನಾನೊಂದು ಶೀಟ್ ಮಾಡಿ ಒಂದು ಕಾಲಂನಲ್ಲಿ ಪಾಸಾದ ಪರ್ಸೆಂಟ್, ಪಕ್ಕದ ಕಾಲಂನಲ್ಲಿ ಗ್ರೋತ್, ಅದರ ಪಕ್ಕ ಕಡಿಮೆ ಆದಾಯದ ಮನೆ ಮಕ್ಕಳೆಷ್ಟು ಅಂತ ಹಾಕ್ಕೊಂಡೆ. ಮೊದಲನೇ ಕಾಲಂ ಮತ್ತೆ ಮೂರನೇ ಕಾಲಂ ಒಂದಕ್ಕೊಂದು ಉಲ್ಟಾ ಹೋಗ್ತಿತ್ತು, ಒಂದು ಏರಿದ್ರೆ ಇನ್ನೊಂದು ಇಳಿಯೋದು. ಗ್ರೋತ್ ಮಾತ್ರ ಹಂಗಿರಲಿಲ್ಲ, ರೇಟಿಂಗ್ ಕಮ್ಮಿ ಇರೋ ಕೆಲವು ಸ್ಕೂಲುಗಳಲ್ಲಿ ಗ್ರೋತ್ ತುಂಬಾ ಚೆನ್ನಾಗಿತ್ತು. ಒಂದೇ ವರ್ಷ ನೋಡ್ಬೇಡಿ, ಸಣ್ಣ ಸ್ಕೂಲಲ್ಲಿ ನಾಲ್ಕು ಮಕ್ಕಳು ಬದಲಾದ್ರೂ ಸಂಖ್ಯೆ ಕುಣಿಯುತ್ತೆ, ನಾನು ಸಿಗೋ ವರ್ಷಗಳನ್ನೆಲ್ಲಾ ಪಕ್ಕಪಕ್ಕ ಇಟ್ಟು ನೋಡಿದೆ.

ಏಜೆಂಟ್ ಹತ್ರ ಇದು ಒಳ್ಳೆ ಸ್ಕೂಲಾ ಅಂತ ಕೇಳಿದ್ರೆ ಉತ್ತರ ಬರಲ್ಲ, ಅದಕ್ಕೆ ಬೇಜಾರಾಗ್ಬೇಡಿ. 1968ರ ಫೇರ್ ಹೌಸಿಂಗ್ ಕಾನೂನು ಪ್ರಕಾರ ಜನಾಂಗ ನೋಡಿ ಗಿರಾಕಿನ ಒಂದು ಏರಿಯಾ ಕಡೆ ತಳ್ಳೋ ಹಾಗಿಲ್ಲ, ಒಳ್ಳೆ ಸ್ಕೂಲ್ ಅನ್ನೋ ಮಾತಲ್ಲಿ ಅದು ನುಸುಳುತ್ತೆ ಅಂತ ಅವರು ಹುಷಾರಾಗಿರ್ತಾರೆ. ಈ ಕಾನೂನು ಯಾಕೆ ಬಂತು ಅನ್ನೋದು ನನಗೆ ಚೆನ್ನಾಗಿ ಅರ್ಥ ಆಗಿದ್ದು ಉತ್ತರ ಸಿಯಾಟಲ್‌ನ ಒಂದು ಮನೆ ಟೈಟಲ್ ಕಾಗದ ಓದ್ದಾಗ. ಬಿಳಿಯರಲ್ಲದವರು ಇಲ್ಲಿ ವಾಸ ಮಾಡೋ ಹಾಗಿಲ್ಲ ಅಂತ ಹಳೇ ಷರತ್ತು ಇನ್ನೂ ಅದರಲ್ಲಿ ಅಚ್ಚಾಗಿತ್ತು. ಇಂಥ ಷರತ್ತನ್ನ ಕೋರ್ಟುಗಳು ಜಾರಿ ಮಾಡೋ ಹಾಗಿಲ್ಲ ಅಂತ 1948ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಇವತ್ತು ಅದಕ್ಕೆ ಬೆಲೆ ಇಲ್ಲ. ಆದ್ರೆ ಸಿಯಾಟಲ್‌ನಲ್ಲಿ ಇಂಥ ಷರತ್ತಿನ ಲೇಔಟುಗಳು ಬೇಕಾದಷ್ಟಿದ್ವು, ಕಪ್ಪು ಜನ, ಏಷ್ಯಾದವರು ಸೆಂಟ್ರಲ್ ಡಿಸ್ಟ್ರಿಕ್ಟ್, ಬೀಕನ್ ಹಿಲ್ ಕಡೆ ಉಳೀಬೇಕಾಯ್ತು. ಇದನ್ನ ಓದಿದ ಮೇಲೆ ಇವತ್ತಿನ ರೇಟಿಂಗ್ ಮ್ಯಾಪನ್ನ ಆ ಚರಿತ್ರೆಯಿಂದ ಬೇರೆ ಮಾಡಿ ನೋಡೋಕೆ ನನ್ನಿಂದ ಆಗ್ಲೇ ಇಲ್ಲ, ನಮ್ಮಂಥವರು ಬರಬಾರದು ಅಂದಿದ್ದ ಕಡೆಗೇ ಈಗ ಜಾಸ್ತಿ ದುಡ್ಡು ಕೊಟ್ಟು ಹೋಗ್ಬೇಕಾ ಅಂತ ನಿಜವಾಗ್ಲೂ ಮನಸ್ಸಿಗೆ ನೋವಾಯ್ತು.

ಜಾಸ್ತಿ ದುಡ್ಡು ಅಂದ್ನಲ್ಲ, ಅದನ್ನ ಅಳೆಯೋ ಒಂದು ದಾರಿ ಇದೆ. ಸ್ಯಾಂಡ್ರಾ ಬ್ಲ್ಯಾಕ್ ಅನ್ನೋ ಅರ್ಥಶಾಸ್ತ್ರಜ್ಞೆ 1999ರಲ್ಲಿ ಬಾಸ್ಟನ್ ಉಪನಗರಗಳಲ್ಲಿ ಎಲಿಮೆಂಟರಿ ಸ್ಕೂಲ್ ಗೆರೆಯ ಆಚೆ ಈಚೆ ಇರೋ ಮನೆಗಳನ್ನ ಹೋಲಿಸಿ ಟೆಸ್ಟ್ ಅಂಕ 5 ಪರ್ಸೆಂಟ್ ಜಾಸ್ತಿ ಇದ್ರೆ ಜನ ಸುಮಾರು 2.5 ಪರ್ಸೆಂಟ್ ಜಾಸ್ತಿ ಬೆಲೆ ಕೊಡ್ತಾರೆ ಅಂತ ತೋರಿಸಿದ್ರು. ನಾವೂ ಅದೇ ಮಾಡಿದ್ವಿ, ಗೆರೆ ಹಾದುಹೋಗೋ ರಸ್ತೆ ಹಿಡ್ಕೊಂಡು ಎರಡೂ ಬದಿ ಒಂದೇ ಥರದ ಮನೆಗಳು ಎಷ್ಟಕ್ಕೆ ಹೋಗಿವೆ ಅಂತ ನೋಡಿದ್ವಿ. ಸ್ಕೂಲ್ ಡಿಸ್ಟ್ರಿಕ್ಟ್ (ಸಿಟಿಯ ಸರ್ಕಾರಿ ಶಾಲೆಗಳನ್ನ ನಡೆಸೋ ಸಂಸ್ಥೆ) ಒಂದೇ, ಟ್ಯಾಕ್ಸ್ ದರ ಒಂದೇ, ಪಾರ್ಕು ಲೈಬ್ರರಿ ಒಂದೇ, ಹಾಗಾಗಿ ಉಳಿಯೋ ವ್ಯತ್ಯಾಸದಲ್ಲಿ ದೊಡ್ಡ ಪಾಲು ಆ ಸ್ಕೂಲಿನ ಹೆಸರಿಗೆ ಕೊಡೋ ದುಡ್ಡು. ಎಲಿಮೆಂಟರಿ ಆರು ವರ್ಷ, ಮಾರ್ಟ್‌ಗೇಜ್ ಮೂವತ್ತು ವರ್ಷ, ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸಂಖ್ಯೆ ಆದ್ಮೇಲೆ ಸ್ಕೂಲುಗಳಿಗೆ ಹೋದ್ವಿ, ನನ್ನ ಪ್ರಕಾರ ಅರ್ಧ ತೀರ್ಮಾನ ಆಗೋದು ಇಲ್ಲೇ. ಪ್ರಿನ್ಸಿಪಾಲ್ ಎಷ್ಟು ವರ್ಷದಿಂದ ಇದಾರೆ, ಟೀಚರ್‌ಗಳು ನಿಲ್ತಾರಾ ಅಥವಾ ವರ್ಷ ವರ್ಷ ಬಿಟ್ಟು ಹೋಗ್ತಾರಾ ಅಂತ ಕೇಳ್ದೆ. ಓದೋಕೆ ಹೆಂಗೆ ಕಲಿಸ್ತೀರ, ಅಕ್ಷರದ ಸದ್ದು ಕ್ರಮವಾಗಿ ಹೇಳ್ಕೊಡ್ತೀರಾ, ಒಂದನೇ ಕ್ಲಾಸಲ್ಲಿ ಹಿಂದೆ ಬಿದ್ದ ಮಗುಗೆ ಏನು ಮಾಡ್ತೀರ ಅಂತ ಕೇಳ್ದಾಗ ಕೆಲವು ಕಡೆ ನುಣ್ಣಗೆ ಮಾತಾಡಿದ್ರು, ಆದ್ರೆ ಬೀಕನ್ ಹಿಲ್‌ನ ಒಂದು ಸ್ಕೂಲಲ್ಲಿ ಟೀಚರ್ ಒಬ್ಬರು ಶೆಲ್ಫಿಂದ ಪುಸ್ತಕ ತೆಗೆದು, ಈ ವಾರ ಯಾವ ಗುಂಪು ಎಲ್ಲಿದೆ, ಯಾರಿಗೆ ಯಾರು ದಿನಾ ಕೂತು ಓದಿಸ್ತಾರೆ ಅಂತ ಬಿಡಿಸಿ ಹೇಳಿದ್ರು. ಆ ಸ್ಕೂಲಿನ ರೇಟಿಂಗ್ ಫ್ರೆಂಡ್ಸ್ ಹೇಳೋ ಒಂಬತ್ತಕ್ಕೆ ತುಂಬಾ ದೂರ. ಮಗಳಿಗೆ ಮನೇಲಿ ಕನ್ನಡ ಅಂದಾಗ ಅವರು ಬಿಡಿಸ್ಬೇಡಿ ಅಂದ್ರು. ಅಲ್ಲಿ ಸಂಜೆ ಬಿಡೋ ಹೊತ್ತಿಗೆ ಗೇಟ್ ಹತ್ರ ನಿಂತ್ರೆ ಅಜ್ಜಿ ತಾತಂದಿರು ಕ್ಯಾಂಟನೀಸ್, ವಿಯೆಟ್ನಾಮೀಸ್, ಸ್ಪ್ಯಾನಿಷ್ ಮಾತಾಡ್ತಾ ಕಾಯ್ತಿರ್ತಾರೆ, ಹಾಸನದಿಂದ ನಮ್ಮಮ್ಮ ಬಂದ್ರೆ ಅಲ್ಲಿ ಒಬ್ಬರೇ ಅನ್ನಿಸಲ್ಲ.

ಪಿಟಿಎ, ಅಂದ್ರೆ ಸ್ಕೂಲಿನ ತಂದೆತಾಯಿ ಮತ್ತೆ ಟೀಚರ್‌ಗಳ ಸಂಘ, ಅದರ ವಿಷ್ಯಾನೂ ಕೇಳಿ. ಸಿಯಾಟಲ್‌ನಲ್ಲಿ ಅನುಕೂಲಸ್ಥರ ಏರಿಯಾದ ಕೆಲವು ಪಿಟಿಎಗಳು ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್ ಎತ್ತಿ ಸ್ಟಾಫ್ ಸಂಬಳಕ್ಕೇ ಕೊಡ್ತಾರೆ. ಬಡ ಮಕ್ಕಳು ಜಾಸ್ತಿ ಇರೋ ಸ್ಕೂಲಿಗೆ ಟೈಟಲ್ ಒನ್ ಅಂತ ಫೆಡರಲ್ ದುಡ್ಡು ಬರುತ್ತೆ. ಮಧ್ಯದಲ್ಲಿರೋ ಸ್ಕೂಲಿಗೆ ಎರಡೂ ಇಲ್ಲದೇ ಇರಬಹುದು, ಹಾಗಾಗಿ ಲೈಬ್ರೇರಿಯನ್, ಕೌನ್ಸೆಲರ್, ಮ್ಯೂಸಿಕ್ ಟೀಚರ್ ವಾರಕ್ಕೆ ಎಷ್ಟು ದಿನ ಇರ್ತಾರೆ ಅಂತ ನೇರವಾಗಿ ಕೇಳ್ಬಿಡಿ.

ನಡೆಯೋ ದಾರಿನ ನಾವು ನಡೆದೇ ನೋಡಿದ್ವಿ. ಸ್ಕೂಲಿಂದ ಒಂದು ಮೈಲಿ ಒಳಗಿದ್ರೆ ಸಾಮಾನ್ಯವಾಗಿ ಹಳದಿ ಬಸ್ ಬರಲ್ಲ, ಬಹಳಷ್ಟು ಎಲಿಮೆಂಟರಿಗಳು ಬೆಳಿಗ್ಗೆ 7:55ಕ್ಕೆ ಶುರು, ಡಿಸೆಂಬರ್ ಕೊನೇಲಿ ಇಲ್ಲಿ ಸೂರ್ಯ ಹುಟ್ಟೋದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಅಂದ್ರೆ ಕತ್ತಲೆ, ಮಳೆ, ಐದು ವರ್ಷದ ಮಗು. 85ನೇ ಸ್ಟ್ರೀಟಿಗಿಂತ ಉತ್ತರಕ್ಕಿರೋ ಭಾಗ ಸಿಟಿಗೆ ಸೇರಿದ್ದು 1950ರ ದಶಕದಲ್ಲಿ, ಅಲ್ಲಿ ತುಂಬಾ ರಸ್ತೆಗೆ ಇವತ್ತಿಗೂ ಫುಟ್‌ಪಾತ್ ಇಲ್ಲ. ಅಲ್ಲಿ ನಮಗೆ ತುಂಬಾ ಹಿಡಿಸಿದ್ದ ಒಂದು ಮನೆ ಇದೇ ಕಾರಣಕ್ಕೆ ಬಿಟ್ವಿ. ಬುಧವಾರ ಸ್ಕೂಲು 75 ನಿಮಿಷ ಬೇಗ ಬಿಡುತ್ತೆ, ಇಬ್ಬರೂ ಕೆಲಸಕ್ಕೆ ಹೋಗೋ ಮನೆಯಾದ್ರೆ ಸ್ಕೂಲ್ ಬಿಟ್ಟ ಮೇಲೆ ಮಕ್ಕಳನ್ನ ನೋಡ್ಕೊಳ್ಳೋ ಆಫ್ಟರ್‌ಕೇರ್ ಸ್ಕೂಲ್ ಕಟ್ಟಡದಲ್ಲೇ ಇದೆಯಾ, ವೇಟಿಂಗ್ ಲಿಸ್ಟ್ ಎಷ್ಟುದ್ದ ಇದೆ ಅಂತ ಆಫರ್ ಹಾಕೋಕೆ ಮುಂಚೆನೇ ವಿಚಾರಿಸಿ.

ನಾವು ಹುಡುಕ್ತಿರೋ ಹೊತ್ತಲ್ಲೇ ಸ್ಕೂಲ್ ಮುಚ್ಚೋ ಸುದ್ದಿ ಎದ್ದಿತ್ತು. ಡಿಸ್ಟ್ರಿಕ್ಟಿಗೆ ಸುಮಾರು 10 ಕೋಟಿ ಡಾಲರ್ ಕೊರತೆ, ಮಕ್ಕಳ ಸಂಖ್ಯೆ 50 ಸಾವಿರಕ್ಕಿಂತ ಕೆಳಗೆ, ಹಾಗಾಗಿ ಸುಮಾರು 20 ಶಾಲೆ ಮುಚ್ಚೋ ಯೋಜನೆ ಬಂತು, ಸೆಪ್ಟೆಂಬರಲ್ಲಿ ಪಟ್ಟಿನೂ ಬಂತು, ಆಮೇಲೆ ನಾರ್ತ್ ಬೀಚ್, ಸಾಕಜವಿಯಾ, ಸ್ಯಾನಿಸ್ಲೋ, ಸ್ಟೀವನ್ಸ್ ಈ ನಾಲ್ಕಕ್ಕೆ ಇಳೀತು, ನವೆಂಬರಲ್ಲಿ ಅದನ್ನೂ ಕೈಬಿಟ್ರು. ಆ ತಿಂಗಳುಗಳಲ್ಲಿ ನಮ್ಮ ಶೀಟಿಗೆ ಇನ್ನೊಂದು ಕಾಲಂ ಬಂತು: ಸ್ಕೂಲಲ್ಲಿ ಎಷ್ಟು ಮಕ್ಕಳಿದಾರೆ, ಕಟ್ಟಡ ಎಷ್ಟು ಹಳೇದು. ಮಕ್ಕಳು ತೀರಾ ಕಮ್ಮಿ ಇದ್ದು ಕಟ್ಟಡಾನೂ ಹಳೇದಾಗಿದ್ರೆ ಅಂಥ ಸ್ಕೂಲಿನ ಗೆರೆ ನಂಬಿ ಮನೆ ತಗೊಳ್ಳೋಕೆ ನನಗೆ ಧೈರ್ಯ ಬರಲಿಲ್ಲ. ಇವತ್ತು ಬಚಾವಾದ ಸ್ಕೂಲು ಐದು ವರ್ಷ ಬಿಟ್ಟು ಮತ್ತೆ ಪಟ್ಟಿಗೆ ಬರಬಹುದು, ಗೆರೆನೂ ಸ್ಕೂಲ್ ಬೋರ್ಡ್ ಬದಲಾಯಿಸಬಹುದು, ಹಾಗಾಗಿ ಅಕ್ಕಪಕ್ಕದ ಎರಡು ಸ್ಕೂಲುಗಳೂ ನಮಗೆ ಒಪ್ಪಿಗೆ ಆಗೋ ಜಾಗ ಹುಡುಕಿದ್ವಿ. ಬೀಕನ್ ಹಿಲ್‌ನಲ್ಲಿ ಅದು ಕೂಡಿ ಬಂತು. ಮುಂದಕ್ಕೆ ಮಿಡಲ್ ಸ್ಕೂಲಿಗೆ ಜೆಫರ್ಸನ್ ಪಾರ್ಕ್ ಪಕ್ಕದಲ್ಲೇ ಮರ್ಸರ್ ಇದೆ, ಲೈಟ್ ರೈಲ್ ಸ್ಟೇಷನ್ 2009ರಿಂದ ಇದೆ. ಮನೆ ಸಣ್ಣದು, ಅಡುಗೆಮನೆ ಹಳೇದು, ಸ್ಕೂಲಿಗೆ ಫುಟ್‌ಪಾತಲ್ಲೇ ನಡ್ಕೊಂಡು ಹೋಗಬಹುದು.

ಆಫರ್ ಹಾಕೋ ಮುಂಚೆ ಲಿಸ್ಟಿಂಗಲ್ಲಿ ಬರೆದಿರೋ ಸ್ಕೂಲ್ ಹೆಸರು ನಂಬಿ ಕೂರ್ಬೇಡಿ. ಡಿಸ್ಟ್ರಿಕ್ಟ್ ಸೈಟಲ್ಲಿ ಮನೆ ನಂಬರ್ ಹಾಕಿ ನೋಡೋ ಟೂಲ್ ಇದೆ, ಅದರ ಮೇಲೆ ಎನ್ರೋಲ್‌ಮೆಂಟ್ ಆಫೀಸಿಗೆ ಮೇಲ್ ಹಾಕಿ ಬರವಣಿಗೆಲಿ ಉತ್ತರ ತಗೊಳ್ಳಿ, ಗೆರೆ ರಸ್ತೆ ಮಧ್ಯದಲ್ಲೇ ಹೋಗಿರುತ್ತೆ, ಎದುರುಮನೆ ಮಗು ಬೇರೆ ಸ್ಕೂಲಿಗೆ ಹೋಗ್ತಿರುತ್ತೆ. ಮಗುಗೆ ಆಗಸ್ಟ್ 31ಕ್ಕೆ ಐದು ತುಂಬಿರ್ಬೇಕು. ಆಪ್ಷನ್ ಸ್ಕೂಲಿಗೂ ಒಂದು ಕೈ ನೋಡೋದಾದ್ರೆ ಓಪನ್ ಎನ್ರೋಲ್‌ಮೆಂಟ್ ಜನವರಿಲಿ ಶುರು ಆಗುತ್ತೆ, ಅಷ್ಟರಲ್ಲಿ ವಿಳಾಸದ ದಾಖಲೆ ಕೈಲಿರಲಿ. ಇಂಡಿಯಾದಲ್ಲಿ ಹಾಕ್ಸಿದ ಲಸಿಕೆ ಪುಸ್ತಕ ಇದ್ರೆ ಅದನ್ನ ಮಕ್ಕಳ ಡಾಕ್ಟರ್ ಹತ್ರ ಮೊದಲೇ ತೋರಿಸಿ ರಾಜ್ಯದ ಫಾರ್ಮಿಗೆ ಹತ್ತಿಸ್ಕೊಳ್ಳಿ, ಆಗಸ್ಟಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ.