ಯುಎಸ್‌ಬಿಯಲ್ಲಿ ಎಷ್ಟು ಟ್ರ್ಯಾಕ್ ಇಳಿಯುತ್ತದೆ: ನನ್ನ ಅನುಭವ

ಚಿಕ್ಕಮಗಳೂರಿನ ನನ್ನ ಚಿಕ್ಕ ಸ್ಟುಡಿಯೋದಲ್ಲಿ ಭಾವಗೀತೆ, ಜನಪದ ಗೀತೆಗಳ ಧ್ವನಿಮುದ್ರಣ ನಡೆಯುತ್ತದೆ. ಬರುವ ಕಲಾವಿದರು ಡ್ರಮ್ ಮೆಷಿನ್ ಅಥವಾ ರಿದಂ ಪ್ಯಾಡ್‌ನ ಹಿಂಬದಿಯಲ್ಲಿ ಯುಎಸ್‌ಬಿ ಪೋರ್ಟ್ ಕಂಡೊಡನೆ, ಅದರೊಳಗಿನ ಒಂದೊಂದು ವಾದ್ಯವೂ ಪ್ರತ್ಯೇಕ ಟ್ರ್ಯಾಕ್ ಆಗಿ ಕಂಪ್ಯೂಟರಿಗೆ ಇಳಿಯುತ್ತದೆಂದೇ ತಿಳಿಯುತ್ತಾರೆ. ಹಾಗೆ ಇಳಿಯುವುದೂ ಉಂಟು, ಆದರೆ ಇಳಿಯದಿರುವುದೇ ಹೆಚ್ಚು. ಕೆಲವು ಉಪಕರಣಗಳ ಪೋರ್ಟಿನಲ್ಲಿ ಮಿಡಿ ಸಂದೇಶಗಳು, ಅಂದರೆ ಯಾವ ಸ್ವರ ಯಾವಾಗ ನುಡಿಯಬೇಕೆಂಬ ಸೂಚನೆಗಳು ಮಾತ್ರ ಓಡಾಡುತ್ತವೆ, ಧ್ವನಿಯಲ್ಲ; ಕೆಲವದರಲ್ಲಿ ಎಲ್ಲ ವಾದ್ಯಗಳೂ ಬೆರೆತ ಒಂದು ಸ್ಟೀರಿಯೋ ಜೋಡಿ ಸಿಗುತ್ತದೆ. ಯಮಹಾ ಎಂಜಿ10ಎಕ್ಸ್‌ಯು ಮಿಕ್ಸರ್‌ಗೆ 10 ಇನ್‌ಪುಟ್‌ಗಳಿದ್ದರೂ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಹೋಗುವುದು 2 ಚಾನೆಲ್. ಬೆರಿಂಜರ್ ಎಕ್ಸ್‌ಆರ್18 ಮಿಕ್ಸರ್‌ನಿಂದ 18 ಚಾನೆಲ್ ಹೋಗುತ್ತವೆ, 18 ಹಿಂದಿರುಗುತ್ತವೆ. ಎರಡಕ್ಕೂ ಚುಚ್ಚುವ ಕೇಬಲ್ ಒಂದೇ ಬಗೆಯದು.

ಹಾಗಾಗಿ ನಾನು ಯಾವುದೇ ಉಪಕರಣವನ್ನು ಕೊಳ್ಳುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕುತ್ತೇನೆ. 48 ಕಿಲೋಹರ್ಟ್ಜ್, 24 ಬಿಟ್‌ನ ಒಂದು ಚಾನೆಲ್‌ಗೆ ಪ್ರತಿ ಮಿಲಿಸೆಕೆಂಡಿಗೆ 48 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ), ಒಂದಕ್ಕೆ 3 ಬೈಟ್‌ನಂತೆ 144 ಬೈಟ್ ಬೇಕು. ಯುಎಸ್‌ಬಿಯ ಫುಲ್ ಸ್ಪೀಡ್ ಎಂಬ ವಿಧಾನದಲ್ಲಿ ವೇಗ ಸೆಕೆಂಡಿಗೆ 12 ಮೆಗಾಬಿಟ್. ಅಲ್ಲಿ ಮಿಲಿಸೆಕೆಂಡಿಗೊಂದು ಫ್ರೇಮ್, ಅಂದರೆ ಮಾಹಿತಿಯ ಒಂದು ಕಂತು ಹೊರಡುತ್ತದೆ, ಮತ್ತು ಧ್ವನಿಯನ್ನು ಸಾಗಿಸುವ ಐಸೋಕ್ರೋನಸ್ ಎಂಡ್‌ಪಾಯಿಂಟ್ (ನಿಗದಿತ ವೇಳೆಗೆ ಮಾಹಿತಿ ಒಯ್ಯುವ ದಾರಿ) ಒಂದು ಫ್ರೇಮ್‌ನಲ್ಲಿ ಹೆಚ್ಚೆಂದರೆ 1,023 ಬೈಟ್ ಒಯ್ಯಬಲ್ಲದು. ಏಳು ಚಾನೆಲ್‌ಗೆ 1,008 ಬೈಟ್ ಆಗುವುದರಿಂದ ಏಳು ಹಿಡಿಸುತ್ತವೆ ಎಂದು ತೋರುತ್ತದೆ. ಆದರೆ ಉಪಕರಣವು ತನ್ನದೇ ಗಡಿಯಾರದಲ್ಲಿ ನಡೆಯುವಾಗ ಆಗಾಗ ಒಂದು ಫ್ರೇಮ್‌ನಲ್ಲಿ 48ರ ಬದಲು 49 ಸ್ಯಾಂಪಲ್ ಕಳಿಸಬೇಕಾಗುತ್ತದೆ. ಆಗ ಏಳು ಚಾನೆಲ್‌ಗೆ 1,029 ಬೈಟ್ ಆಗಿ ಮಿತಿ ಮೀರುತ್ತದೆ. ಆದ್ದರಿಂದ ಆರನ್ನೇ ಗರಿಷ್ಠವೆಂದು ನಾನು ಹಿಡಿಯುತ್ತೇನೆ. 16 ಬಿಟ್‌ಗೆ ಒಪ್ಪಿದರೆ ಹತ್ತರವರೆಗೆ ಹೋಗಬಹುದು. ಹೈ ಸ್ಪೀಡ್‌ನಲ್ಲಿ, ಅಂದರೆ 480 ಮೆಗಾಬಿಟ್ ವೇಗದಲ್ಲಿ, ಇದೇ ಲೆಕ್ಕ ನೂರು ಚಾನೆಲ್‌ಗಳನ್ನು ದಾಟುತ್ತದೆ.

ಹಾಗಿದ್ದರೆ ಎಲ್ಲ ತಯಾರಕರೂ ಹೈ ಸ್ಪೀಡ್ ಏಕೆ ಕೊಡುವುದಿಲ್ಲ? ಉತ್ತರ ಒಳಗಿನ ಚಿಪ್‌ನಲ್ಲಿದೆ. ಸಂಗೀತ ಉಪಕರಣಗಳಲ್ಲಿ ಬಳಸುವಂಥ ಅನೇಕ ಮೈಕ್ರೋಕಂಟ್ರೋಲರ್‌ಗಳಲ್ಲಿ ಫುಲ್ ಸ್ಪೀಡ್‌ಗೆ ಬೇಕಾದ ಭಾಗ ಒಳಗೇ ಇರುತ್ತದೆ. ಎಸ್‌ಟಿಎಂ32ಎಫ್4 ಸರಣಿಯಂಥವುಗಳಲ್ಲಿ ಹೈ ಸ್ಪೀಡ್ ಬೇಕೆಂದರೆ ಹೊರಗಿನಿಂದ ಇನ್ನೊಂದು ಚಿಪ್ ಸೇರಿಸಿ, ಅದಕ್ಕಾಗಿ ಹನ್ನೆರಡು ಪಿನ್‌ಗಳನ್ನು ಬಿಟ್ಟುಕೊಡಬೇಕು. ಇಷ್ಟರ ಮೇಲೆ, ಪೆಟ್ಟಿಗೆಯ ಮೇಲೆ ‘ಯುಎಸ್‌ಬಿ 2.0’ ಎಂದು ಅಚ್ಚಾಗಿದ್ದರೆ ಅದು ಹೈ ಸ್ಪೀಡ್ ಎಂದು ನಂಬುವಂತಿಲ್ಲ, ಏಕೆಂದರೆ 12 ಮೆಗಾಬಿಟ್ ವೇಗವೂ ಅದೇ ಮಾನದಂಡದೊಳಗೆ ಬರುತ್ತದೆ. ನಾನು ಅಂಗಡಿಗೆ ಲ್ಯಾಪ್‌ಟಾಪ್ ಒಯ್ದು, ಉಪಕರಣವನ್ನು ಜೋಡಿಸಿ, ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಅದರ ವೇಗ 12 ಎಂದು ಬರುತ್ತದೆಯೋ 480 ಎಂದು ಬರುತ್ತದೆಯೋ ನೋಡುತ್ತೇನೆ. ಅಂಗಡಿಯವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಆದರೆ ಕ್ಷಣದ ಕೆಲಸ.

ಸ್ಟೀರಿಯೋ ಮಾತ್ರ ಕೊಡುವ ಡ್ರಮ್ ಮೆಷಿನ್‌ನಿಂದ ಟ್ರ್ಯಾಕ್‌ಗಳನ್ನು ಬಿಡಿಸಲು ನಾನು ರೂಢಿಸಿಕೊಂಡ ಕ್ರಮ ಹೀಗಿದೆ. ಕಿಕ್ ಅನ್ನು ಪೂರ್ತಿ ಎಡಕ್ಕೂ ಸ್ನೇರ್ ಅನ್ನು ಪೂರ್ತಿ ಬಲಕ್ಕೂ ಪ್ಯಾನ್ ಮಾಡಿ, ಉಳಿದದ್ದನ್ನೆಲ್ಲ ಮ್ಯೂಟ್ ಮಾಡಿ, ಹಾಡಿನ ಪೂರ್ಣ ಅವಧಿಯನ್ನು ಮುದ್ರಿಸುತ್ತೇನೆ. ಅನಂತರ ಮುಂದಿನ ಜೋಡಿ. ಎಂಟು ವಾದ್ಯಗಳು ನಾಲ್ಕು ಸುತ್ತಿನಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ರಿವರ್ಬ್ ಮತ್ತು ಡಿಲೇ ಎಂಬ ಪ್ರತಿಧ್ವನಿ ಪರಿಣಾಮಗಳನ್ನು ಮೊದಲೇ ಆಫ್ ಮಾಡಬೇಕು, ಇಲ್ಲವಾದರೆ ಎಡದ ಸದ್ದು ಬಲಕ್ಕೂ ಸೋರುತ್ತದೆ. ಪ್ರತಿ ಸುತ್ತಿನ ಆರಂಭದಲ್ಲಿ ಎರಡೂ ಬದಿಗೆ ಒಂದು ಚಿಕ್ಕ ಕ್ಲಿಕ್ ಇಟ್ಟುಕೊಂಡು, ಆಮೇಲೆ ಆ ಕ್ಲಿಕ್‌ಗಳನ್ನು ಒಂದರ ಕೆಳಗೊಂದು ಹೊಂದಿಸುತ್ತೇನೆ. ಇಲ್ಲಿ ಕಂಪ್ಯೂಟರಿನಿಂದ ಗತಿ ತಿಳಿಸುವ ಮಿಡಿ ಕ್ಲಾಕ್‌ನಿಂದ ಮೆಷಿನ್ ಅನ್ನು ನಡೆಸದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದು ಮಾತ್ರೆಗೆ 24 ಮಿಡಿತ ಕಳಿಸುವ ಆ ಕ್ಲಾಕ್ ಸುತ್ತಿನಿಂದ ಸುತ್ತಿಗೆ ಕೊಂಚ ಅಲುಗಾಡುತ್ತದೆ. ಮೆಷಿನ್ ತನ್ನದೇ ಗತಿಯಲ್ಲಿ ನಡೆದು, ಅದೇ ಆಡಿಯೋ ಇಂಟರ್‌ಫೇಸ್ (ಧ್ವನಿಯನ್ನು ಕಂಪ್ಯೂಟರಿಗೆ ಕೊಡುವ ಸಾಧನ) ಕೂಡ ಆಗಿದ್ದಾಗ, ತಾಳಕ್ಕೂ ಸ್ಯಾಂಪಲ್‌ಗೂ ಸಾಮಾನ್ಯವಾಗಿ ಗಡಿಯಾರದ ಒಂದೇ ಕ್ರಿಸ್ಟಲ್ ಆಧಾರವಾಗಿರುವುದರಿಂದ ಸುತ್ತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಎಲೆಕ್ಟ್ರಾನ್‌ನ ಡಿಜಿಟ್ಯಾಕ್ಟ್‌ನಂಥ ಉಪಕರಣಗಳಲ್ಲಿ ಈ ಶ್ರಮವಿಲ್ಲ. ಓವರ್‌ಬ್ರಿಡ್ಜ್ ಎಂಬ ಅವರದೇ ತಂತ್ರಾಂಶ ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ತಂದುಕೊಡುತ್ತದೆ. ಆದರೆ ಸ್ವಂತ ಡ್ರೈವರ್ (ಉಪಕರಣವನ್ನು ಕಂಪ್ಯೂಟರ್ ಗುರುತಿಸಲು ಬೇಕಾದ ತಂತ್ರಾಂಶ) ನೆಚ್ಚಿದ ಉಪಕರಣದ ಆಯುಷ್ಯ ಆ ಡ್ರೈವರ್‌ನ ಆಯುಷ್ಯದಷ್ಟೇ. 2017ರಲ್ಲಿ ವಿಂಡೋಸ್ 10ರೊಳಗೆ ಯುಎಸ್‌ಬಿ ಆಡಿಯೋ ಕ್ಲಾಸ್ 2 ಎಂಬ ಸಾಮಾನ್ಯ ಮಾನದಂಡದ ಡ್ರೈವರ್ ಸೇರಿದ ಮೇಲೆ, ಮಾನದಂಡಕ್ಕೆ ಬದ್ಧವಾದ ಉಪಕರಣಗಳನ್ನೇ ನಾನು ಆರಿಸಿಕೊಳ್ಳುತ್ತಿದ್ದೇನೆ.

ಎರಡು ಉಪಕರಣಗಳನ್ನು ಒಟ್ಟಿಗೆ ಜೋಡಿಸುವ ಆಸೆ ಎಲ್ಲರಿಗೂ ಇರುತ್ತದೆ. ವಿಂಡೋಸ್‌ನಲ್ಲಿ ರೆಕಾರ್ಡಿಂಗ್ ತಂತ್ರಾಂಶಗಳು ಸಾಮಾನ್ಯವಾಗಿ ಒಂದು ವೇಳೆಗೆ ಒಂದೇ ಎಎಸ್‌ಐಒ (ಧ್ವನಿಮುದ್ರಣಕ್ಕೆ ಬಳಸುವ ಬಗೆಯ) ಡ್ರೈವರ್ ತೆರೆಯುತ್ತವೆ. ಮ್ಯಾಕ್‌ನಲ್ಲಿ ಎರಡನ್ನು ಒಂದುಗೂಡಿಸಬಹುದಾದರೂ ಗಡಿಯಾರಗಳು ಬೇರೆಯೇ: ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ಅಂತರವಿದ್ದರೂ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್ ವ್ಯತ್ಯಾಸವಾಗುತ್ತದೆ, ಅಷ್ಟು ಸಾಕು ತಬಲಾ ಮತ್ತು ಹಾರ್ಮೋನಿಯಂ ಬೇರ್ಪಡಲು. ಈ ವ್ಯತ್ಯಾಸವನ್ನು (ಡ್ರಿಫ್ಟ್) ಸರಿಪಡಿಸುವ ಆಯ್ಕೆಯಿದ್ದರೂ, ಎರಡನೆಯ ಉಪಕರಣದ ಅನಲಾಗ್ ಔಟ್‌ಪುಟ್‌ಗಳನ್ನು ಮೊದಲನೆಯದರ ಲೈನ್ ಇನ್‌ಪುಟ್‌ಗೆ ಕೊಡುವುದೇ ನನಗೆ ಹಿಡಿಸಿದ ದಾರಿ.

ಹೊರಗಿನ ಕಾರ್ಯಕ್ರಮಗಳಲ್ಲಿ, ಅಂದರೆ ಕುವೆಂಪು ಕಲಾಮಂದಿರದಲ್ಲೋ ಜಾತ್ರೆಯ ವೇದಿಕೆಯಲ್ಲೋ ವೀರಗಾಸೆಯ ಕರಡೆ, ಸಂಬಾಳ, ತಾಳಗಳನ್ನು ಬೇರೆಬೇರೆ ಮೈಕ್‌ಗಳಲ್ಲಿ ಹಿಡಿಯುವಾಗ, 18 ಚಾನೆಲ್‌ಗೆ ಗಂಟೆಗೆ 9.3 ಗಿಗಾಬೈಟ್ ಜಾಗ ಬೇಕು. ಇಂದಿನ ಎಸ್‌ಎಸ್‌ಡಿಗೆ ಅದು ಏನೂ ಅಲ್ಲ. ತೊಡಕಿರುವುದು ಬೇರೆಡೆ. ಐಸೋಕ್ರೋನಸ್ ಸಾಗಣೆಯಲ್ಲಿ ಕೆಟ್ಟ ಪ್ಯಾಕೆಟ್ ಅನ್ನು ಮತ್ತೆ ಕಳಿಸುವ ಏರ್ಪಾಡಿಲ್ಲ. ಹೋದದ್ದು ಹೋಯಿತು, ಧ್ವನಿಯಲ್ಲಿ ಚಟ್ ಎಂಬ ಸದ್ದು ಉಳಿಯುತ್ತದೆ. ಆದ್ದರಿಂದ ಹಬ್ ಬಳಸುವುದಿಲ್ಲ, ಕೇಬಲ್ ಐದು ಮೀಟರ್ ಮೀರಲು ಬಿಡುವುದಿಲ್ಲ, ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡುತ್ತೇನೆ, ಬಫರ್ (ಧ್ವನಿಯನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗ) ಅನ್ನು 1,024 ಸ್ಯಾಂಪಲ್‌ಗೆ ಏರಿಸುತ್ತೇನೆ. ಕೇಳುವವರಿಗೆ ಮಿಕ್ಸರ್‌ನಿಂದಲೇ ಧ್ವನಿ ಹೋಗುವುದರಿಂದ ಆ ವಿಳಂಬ ಯಾರಿಗೂ ತಾಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಮಿಕ್ಸರ್ ಯುಪಿಎಸ್ ಮೇಲಿರುತ್ತದೆ: ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದರೂ, ಮಿಕ್ಸರ್ ಕ್ಷಣಕಾಲ ಆರಿದರೆ ಯುಎಸ್‌ಬಿ ಸಂಪರ್ಕ ಕಡಿದು ತಂತ್ರಾಂಶ ಮುದ್ರಣವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಮತ್ತೆ ಮುದ್ರಿಸಲು ಅವಕಾಶವೇ ಇಲ್ಲದ ಕಾರ್ಯಕ್ರಮವಾದರೆ, ಮಿಕ್ಸರ್‌ನ ಮುಖ್ಯ ಔಟ್‌ಪುಟ್‌ನಿಂದ ಬ್ಯಾಟರಿಯ ಕೈ ರೆಕಾರ್ಡರ್‌ಗೂ ಒಂದು ಸ್ಟೀರಿಯೋ ಜೋಡಿ ಕೊಟ್ಟಿರುತ್ತೇನೆ.