ಎಲ್ಮ್ ಸಸಿಗೆ ತೆಂಗಿನ ಗುಂಡಿ ತೋಡಬೇಡಿ

ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ನಮ್ಮ ಮನೆ. ಮುಂದಿದ್ದ ಆ್ಯಶ್ ಮರವನ್ನು ಹುಳ ಕೊರೆದು ಮುಗಿಸಿತು. ಆ ಜಾಗಕ್ಕೆ ಎಲ್ಮ್ ಹಾಕುತ್ತೇನೆ ಅಂದರೆ ಪಕ್ಕದ ಮನೆ ಅಜ್ಜ ತಲೆ ಅಲ್ಲಾಡಿಸಿದರು. ಅವರು ಹುಡುಗರಾಗಿದ್ದಾಗ ಬೀದಿಗೆಲ್ಲ ಎಲ್ಮ್ ಮರಗಳದೇ ಚಪ್ಪರವಂತೆ. ಡಚ್ ಎಲ್ಮ್ ರೋಗ ಬಂದು ಒಂದೂ ಉಳಿಯಲಿಲ್ಲವಂತೆ.

ಅಮೆರಿಕದಲ್ಲಿ ಮೊದಲು 1930ರಲ್ಲಿ ಒಹಾಯೋದಲ್ಲಿ ಕಂಡ ಶಿಲೀಂಧ್ರ ಅದು. ತೊಗಟೆ ಕೊರೆಯುವ ಜೀರುಂಡೆ ಹೊತ್ತು ತರುತ್ತದೆ. ನೀರು ಏರುವ ನಾಳ ಕಟ್ಟಿಕೊಂಡು ಮರ ನಿಂತಲ್ಲೇ ಒಣಗುತ್ತದೆ. ಏಷ್ಯಾದ ಎಲ್ಮ್‌ಗಳಿಗೆ ಇದನ್ನು ತಡೆಯುವ ಶಕ್ತಿ ಜಾಸ್ತಿ. ಹಾಗಾಗಿ ನಾನು 'ಅಕೊಲೇಡ್' ತಂದೆ. ಜಪಾನೀ ಎಲ್ಮ್, ವಿಲ್ಸನ್ ಎಲ್ಮ್ ಸೇರಿ ಹುಟ್ಟಿದ ತಳಿ. ಪಕ್ಕದ ಊರು ಲೈಲ್‌ನ ಮಾರ್ಟನ್ ಅರ್ಬೊರೇಟಂ ಅನ್ನುವ ಮರಗಳ ತೋಟದವರು ಆರಿಸಿ ಕೊಟ್ಟದ್ದು. ಹಳೇ ಅಮೆರಿಕನ್ ಎಲ್ಮ್ ಹಾಗೇ ಹೂದಾನಿ ಆಕಾರ. ಅರವತ್ತು ಅಡಿ ಬೆಳೆಯುತ್ತದೆ, ಕರೆಂಟ್ ತಂತಿ ಕೆಳಗೆ ಬೇಡವೇ ಬೇಡ. ಅಗ್ಗಕ್ಕೆ ಸಿಗುತ್ತೆ ಅಂತ ಸೈಬೀರಿಯನ್ ಎಲ್ಮ್ ತರಬೇಡಿ, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. (ನಮ್ಮೂರ ತಪಸಿ ಮರವೂ ಎಲ್ಮ್ ಕುಟುಂಬದ್ದೇ. ಆ ಕಾಗದದಂಥ ರೆಕ್ಕೆ ಬೀಜ ನೆನಪಿದೆ ಅಲ್ವಾ?)

ಈಗ ನಾನು ಮಾಡಿದ ತಪ್ಪು. ತಿಪಟೂರು ಕಡೆ ಅಪ್ಪನ ಜೊತೆ ತೆಂಗು ನೆಟ್ಟ ಕೈ ನಂದು. ಮೂರಡಿ ಗುಂಡಿ, ತಳದಲ್ಲಿ ಸಸಿ, ವರ್ಷ ವರ್ಷ ಮಣ್ಣು ಏರಿಸುವುದು. ಎಲ್ಮ್‌ಗೂ ಹಾಗೇ ಮಾಡಿದೆ. ಎರಡನೇ ಬೇಸಿಗೆಗೆ ಎಲೆ ಸಣ್ಣಗಾಗಿ ಹಳದಿ ತಿರುಗಿತು. ರೋಗವೇ ಬಂತು ಅಂದುಕೊಂಡೆ. ಕೆದಕಿ ನೋಡಿದರೆ ಬುಡ ಅರ್ಧ ಅಡಿ ಮಣ್ಣೊಳಗೆ! ಒಂದು ಬೇರು ಕಾಂಡಕ್ಕೇ ಹಗ್ಗದ ಹಾಗೆ ಸುತ್ತಿತ್ತು. ಆ ಸಸಿ ಉಳಿಯಲಿಲ್ಲ.

ಎರಡನೆಯದನ್ನು ನೆಟ್ಟ ರೀತಿ ಹೇಳುತ್ತೇನೆ. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ. ಪುಕ್ಕಟೆಯಾಗಿ ಗ್ಯಾಸ್ ಪೈಪು, ಕೇಬಲ್ಲು ಎಲ್ಲಿದೆ ಅಂತ ಗುರುತು ಹಾಕುತ್ತಾರೆ. ಬೇರಿನ ಉಂಡೆ ಅಂದರೆ ಬೇರಿನ ಜೊತೆ ಬರುವ ಮಣ್ಣಿನ ಗಡ್ಡೆ, ಅದರ ಮೇಲಿನ ಮಣ್ಣು ಕೆರೆಯಿರಿ. ಕಾಂಡ ಅಗಲವಾಗಿ ಬೇರುಗಳಾಗಿ ಹರಡುವ ಜಾಗ ಕಾಣಬೇಕು. ಎಷ್ಟೋ ಸಲ ನರ್ಸರಿಯಿಂದ ಬರುವಾಗಲೇ ಅದು ಹೂತಿರುತ್ತದೆ, ನಂಬಬೇಡಿ. ಆ ಜಾಗದಿಂದ ಉಂಡೆಯ ತಳದವರೆಗೆ ಅಳೆದು, ಗುಂಡಿ ಅದಕ್ಕಿಂತ ಒಂದಿಂಚು ಕಡಿಮೆ ಆಳ ಇರಲಿ. ಅಗಲ ಮಾತ್ರ ಉಂಡೆಯ ಎರಡು ಮೂರು ಪಟ್ಟು. ಸಸಿ ಇಳಿಸಿದ ಮೇಲೆ ಉಂಡೆಗೆ ಸುತ್ತಿದ ಗೋಣಿತಟ್ಟು, ತಂತಿ ಬುಟ್ಟಿ ಕತ್ತರಿಸಿ ತೆಗೆಯಿರಿ. ಸುತ್ತಿಕೊಂಡ ಬೇರನ್ನೂ ಕತ್ತರಿಸಿ. ಅದೇ ಮಣ್ಣು ತುಂಬಿ, ಗೊಬ್ಬರ ಬೇಡ. ಮೇಲೆ ಮೂರಿಂಚು ಮರದ ಚಕ್ಕೆ ಹರಡಿ, ಕಾಂಡಕ್ಕೆ ತಾಗದ ಹಾಗೆ.

ನೀರಿಗೆ ಐದು ಗ್ಯಾಲನ್ ಬಕೆಟ್ಟಿನ ತಳಕ್ಕೆ ಎರಡು ತೂತು ಹೊಡೆದೆ. ಮಳೆ ಇಲ್ಲದ ವಾರ ಎರಡು ಬಕೆಟ್, ಎರಡು ಬೇಸಿಗೆ.

ಅಕೊಲೇಡ್ ಸುಮ್ನೆ ಬಿಟ್ಟರೆ ಎರಡೆರಡು ತಲೆ ಎತ್ತುತ್ತದೆ. ಚಿಕ್ಕದಿರುವಾಗಲೇ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯಬೇಕು. ಆದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕತ್ತರಿ ಮುಟ್ಟಬೇಡಿ. ಹಸಿ ಗಾಯದ ವಾಸನೆಗೆ ಜೀರುಂಡೆ ಬರುತ್ತದೆ. ತಡೆಶಕ್ತಿ ಇದೆ ಅಂದರೆ ರೋಗ ಹತ್ತಿರವೇ ಸುಳಿಯಲ್ಲ ಅಂತಲ್ಲ. ನಾನು ಜನವರಿಯಲ್ಲಿ ಗ್ಲೌಸ್ ಹಾಕಿಕೊಂಡು ಕತ್ತರಿಸುತ್ತೇನೆ. ಅಜ್ಜ ಕಿಟಕಿಯಲ್ಲಿ ನಿಂತು ಯಾವ ಕೊಂಬೆ ಅಂತ ಬೆರಳು ತೋರಿಸುತ್ತಾರೆ.