ಷಡ್ಜ ಜಾಗ ಬದಲಿಸಿದಾಗ

ಚಿಕ್ಕಂದಿನಲ್ಲಿ ಮಡಿಕೇರಿಯಲ್ಲಿ ಹತ್ತು ವರ್ಷ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿತಿದ್ದ ನಾನು ಜಾಝ್ ಪಿಯಾನೊ ಅಭ್ಯಾಸಕ್ಕೆ ಕುಳಿತಾಗ ವಯಸ್ಸು ನಲವತ್ತರ ಹತ್ತಿರವಾಗಿತ್ತು. ಮೋಡ್‌ಗಳ (ಪಾಶ್ಚಾತ್ಯ ಸಂಗೀತದ ಏಳು ಸ್ವರಶ್ರೇಣಿಗಳ) ಪಟ್ಟಿ ನೋಡಿದ ಮೊದಲ ದಿನವೇ, ಇದೆಲ್ಲ ನನಗೆ ಗೊತ್ತಿರುವುದೇ ಎಂಬ ಸಣ್ಣ ಅಹಂಕಾರ ಬಂತು. ಅಯೋನಿಯನ್ ಎಂದರೆ ಧೀರಶಂಕರಾಭರಣ ರಾಗದ ಸ್ವರಗಳು, ಡೋರಿಯನ್ ಎಂದರೆ ಖರಹರಪ್ರಿಯ, ಫ್ರಿಜಿಯನ್ ಹನುಮತೋಡಿ, ಲಿಡಿಯನ್ ಮೇಚಕಲ್ಯಾಣಿ, ಮಿಕ್ಸೊಲಿಡಿಯನ್ ಹರಿಕಾಂಭೋಜಿ, ಏಯೋಲಿಯನ್ ನಠಭೈರವಿ. ಏಳನೆಯದಾದ ಲೋಕ್ರಿಯನ್‌ನಲ್ಲಿ ಪಂಚಮ (ಪ) ಇಲ್ಲ, ಎರಡು ಮಧ್ಯಮಗಳು (ಮ) ಇವೆ. ಆದ್ದರಿಂದ ನಮ್ಮ 72 ಮೇಳಗಳಲ್ಲಿ, ಅಂದರೆ ಪಂಚಮ ಸೇರಿ ಏಳು ಸ್ವರಗಳು ಒಂದೊಂದೇ ಇರುವ ಮೂಲರಾಗಗಳಲ್ಲಿ, ಅದಕ್ಕೆ ಜಾಗವಿಲ್ಲ. ಎಲ್ಲವೂ ಗ್ರಹಭೇದವೇ (ಅದೇ ಸ್ವರಗಳಲ್ಲಿ ಬೇರೊಂದನ್ನು ಷಡ್ಜ, ಅಂದರೆ ‘ಸ’, ಎಂದು ಹಿಡಿಯುವುದು) ತಾನೇ ಎಂದುಕೊಂಡು, ಪಿಯಾನೊದ ಬಿಳಿ ಮನೆಗಳ (ಕೀಗಳ) ಮೇಲೆ ಸಿ ಇಂದ ಸಿ, ಡಿ ಇಂದ ಡಿ ಎಂದು ಎರಡು ತಿಂಗಳು ಏರಿಳಿದೆ. ಬೆರಳು ಚುರುಕಾಯಿತು, ಕಿವಿಗೆ ಮಾತ್ರ ಏಳೂ ಒಂದೇ ಶಂಕರಾಭರಣದಂತೆ ಕೇಳುತ್ತಿದ್ದವು.

ತಪ್ಪು ಸರಳವಾಗಿತ್ತು: ಕೆಳಗೆ ಶ್ರುತಿಯೇ, ಅಂದರೆ ಷಡ್ಜವನ್ನು ಹಿಡಿದಿಡುವ ನಿರಂತರ ನಾದವೇ, ಇರಲಿಲ್ಲ. ಹಳೆಯ ಶ್ರುತಿ ಪೆಟ್ಟಿಗೆಯನ್ನು ಎರಡು ಮನೆ ಶ್ರುತಿಗೆ, ಅಂದರೆ ಡಿ ಗೆ ಇಟ್ಟು, ಅದೇ ಬಿಳಿ ಮನೆಗಳನ್ನು ಮೊದಲು ಹಾಡಿ ಆಮೇಲೆ ನುಡಿಸಿದಾಗ ಡೋರಿಯನ್‌ನ ಬಣ್ಣ ಮೊದಲ ಬಾರಿಗೆ ಕೇಳಿಸಿತು. ಖರಹರಪ್ರಿಯ ರಾಗ ಕೇಳಿಸಿತು ಎಂದು ಹೇಳಲಾರೆ. ಪಿಯಾನೊದ ಗಾಂಧಾರ ಒತ್ತಿದಲ್ಲೇ ನಿಲ್ಲುತ್ತದೆ, ಸ್ವರವನ್ನು ತೂಗಾಡಿಸುವ ಗಮಕಕ್ಕೆ ಅಲ್ಲಿ ಎಡೆಯಿಲ್ಲ. ಫ್ರಿಜಿಯನ್‌ನಲ್ಲಂತೂ ತೋಡಿಯ ಸ್ವರಗಳಿವೆ, ತೋಡಿ ಇಲ್ಲ.

ನಿಜವಾದ ಕಷ್ಟ ಎದುರಾದದ್ದು ಶ್ರುತಿ ಪೆಟ್ಟಿಗೆಯನ್ನು ಬಂದ್ ಮಾಡಬೇಕಾದಾಗ. ನಮ್ಮಲ್ಲಿ ಆಧಾರ ಷಡ್ಜ ಕಛೇರಿ ಮುಗಿಯುವವರೆಗೂ ಅಲುಗುವುದಿಲ್ಲ. ಜಾಝ್‌ನಲ್ಲಿ ಅದು ಹಾಡಿನ ನಡುವೆಯೇ ಎದ್ದು ಬೇರೆ ಕಡೆ ಕೂರುತ್ತದೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಧ್ವನಿಮುದ್ರಿಸಿದ ‘ಸೋ ವಾಟ್’ನ 32 ಬಾರ್‌ಗಳಲ್ಲಿ (ನಾಲ್ಕು ಎಣಿಕೆಯ ಆವರ್ತಗಳಲ್ಲಿ) ಮೊದಲ 16 ಡಿ ಡೋರಿಯನ್, ಮುಂದಿನ 8 ಅರ್ಧ ಸ್ವರ ಮೇಲಿನ ಇ ಫ್ಲ್ಯಾಟ್ ಡೋರಿಯನ್, ಕೊನೆಯ 8 ಮತ್ತೆ ಡಿ ಡೋರಿಯನ್. ಹದಿನೇಳನೆಯ ಬಾರ್‌ನಲ್ಲಿ ನಾನು ವಾರಗಟ್ಟಲೆ ಎಡವಿದೆ. ಇ ಫ್ಲ್ಯಾಟ್ ಡೋರಿಯನ್‌ಗೆ ಐದೂ ಕರಿ ಮನೆಗಳು ಬೇಕು, ಬಿಳಿಯವುಗಳಲ್ಲಿ ಉಳಿಯುವುದು ಎಫ್ ಮತ್ತು ಸಿ ಎರಡೇ. ಒಂದು ಸಂಜೆ ಆ ಎರಡು ಮನೆಗಳನ್ನೇ ಹಿಡಿದು ಕುಳಿತೆ. ಡಿ ಗೆ ಅವು ಗಾಂಧಾರ ಮತ್ತು ನಿಷಾದ. ಎಡಗೈ ಇ ಫ್ಲ್ಯಾಟ್‌ಗೆ ಸರಿದೊಡನೆ ಅವೇ ರಿಷಭ ಮತ್ತು ಧೈವತ. ಬಲಗೈ ಬೆರಳನ್ನು ಎತ್ತದೆ, ಕೇವಲ ಎಡಗೈಯನ್ನು ಬದಲಿಸುತ್ತಾ, ಆ ಎಫ್ ಅನ್ನು ಒಮ್ಮೆ ‘ಗ’ ಎಂದೂ ಮತ್ತೊಮ್ಮೆ ‘ರಿ’ ಎಂದೂ ಬಾಯಿಬಿಟ್ಟು ಹಾಡಿದೆ. ಅಂದಿನಿಂದ ಎಡವುವುದು ಕಡಿಮೆಯಾಯಿತು.

ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಎಂಬ ಸಾಮಾನ್ಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸರಣಿಗೂ ಇದೇ ಉಪಾಯ ಒದಗಿತು. ಮೂರಕ್ಕೂ ಬಿಳಿ ಮನೆಗಳೇ ಸಾಕಾಗುವುದರಿಂದ ಸುಮ್ಮನೆ ಏರಿಳಿದರೆ ಕಾರ್ಡ್ ಬದಲಾದದ್ದೇ ತಿಳಿಯುವುದಿಲ್ಲ. ಪ್ರತಿ ಕಾರ್ಡ್‌ನ ಮೊದಲ ಎಣಿಕೆಗೆ ಅದರ ಗಾಂಧಾರದ ಮೇಲೆ, ಅಂದರೆ ಎಫ್, ಬಿ, ಇ ಮೇಲೆ ಬಂದು ಇಳಿದರೆ ತಿಳಿಯುತ್ತದೆ.

ಕೊಡಗಿನ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಕರೆಂಟ್ ಹೋಯಿತೆಂದರೆ ನನ್ನ ಡಿಜಿಟಲ್ ಪಿಯಾನೊ ಬರಿಯ ಮೇಜು. ಆ ಹೊತ್ತಿನಲ್ಲಿ ಮೇಜಿನಂಥ ಮನೆಗಳ ಮೇಲೆ ಬೆರಳಾಡಿಸುತ್ತಾ ಸ್ವರ ಹಾಡುತ್ತೇನೆ, ಜಾಝ್ ರೀತಿಯಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಚಪ್ಪಾಳೆ ಹಾಕುತ್ತೇನೆ. ಆದಿತಾಳಕ್ಕೆ ಒಗ್ಗಿದ ಕೈ ಈಗಲೂ ಮೊದಲನೆಯದಕ್ಕೇ ಬೀಳುತ್ತದೆ.

ಸದ್ಯ ಇನ್ನೊಂದು ಸ್ವರಶ್ರೇಣಿಯಾದ ಮೆಲೋಡಿಕ್ ಮೈನರ್‌ನಲ್ಲಿದ್ದೇನೆ. ಅದು ನಮ್ಮ ಗೌರಿಮನೋಹರಿ. ಅದರ ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ವಾಚಸ್ಪತಿ, ಅದನ್ನೇ ಜಾಝ್‌ನವರು ಲಿಡಿಯನ್ ಡಾಮಿನೆಂಟ್ ಎನ್ನುತ್ತಾರೆ. ಹನ್ನೆರಡು ಶ್ರುತಿಗಳಲ್ಲಿ ಐದರಲ್ಲಿ ಅದರ ಅಭ್ಯಾಸ ಮುಗಿದಿದೆ.